ಹಳೆಯ ಆಕಾಶನೌಕೆಗಳಿಗೆ ಹೊಸ ಗ್ರಾಫಿಕ್ಸ್ ಬೇಕೇ?

ಹಳೆಯ ಸೈನ್ಸ್ ಫಿಕ್ಷನ್ ಮತ್ತು ಫ್ಯಾಂಟಸಿ ಸಿನಿಮಾಗಳು, ಟಿ.ವಿ. ಸರಣಿಗಳು ಎಚ್‌ಡಿ, 4ಕೆ ಹೆಸರಿನಲ್ಲಿ ಮತ್ತೆ ಬರುತ್ತಿವೆ. ಹಾಗೆ ಬರುವಾಗ ಅವುಗಳ ಟ್ರಿಕ್ ದೃಶ್ಯಗಳನ್ನು ತೆಗೆದು ಕಂಪ್ಯೂಟರಿನಲ್ಲಿ ಹೊಸದಾಗಿ ಮಾಡಿ ಕೂರಿಸುವುದೂ ನಡೆದಿದೆ. ಹೀಗೆ ಮಾಡಬಹುದೇ? ಎರಡು ಬಣದ ವಾದ ಇಲ್ಲಿದೆ.

ಪರ: ಮಾಡಬಹುದು, ಕೈ ಹಿಡಿತದಲ್ಲಿದ್ದರೆ

1966ರಿಂದ 1969ರವರೆಗೆ ಅಮೆರಿಕದ ಎನ್‌ಬಿಸಿಯಲ್ಲಿ ಬಂದ ಮೊದಲ 'ಸ್ಟಾರ್ ಟ್ರೆಕ್' ಸರಣಿಯ 79 ಕಂತುಗಳನ್ನು ತೆಗೆದದ್ದು 35 ಮಿ.ಮೀ. ಫಿಲ್ಮಿನಲ್ಲಿ. ನಟರು ನಿಂತು ಮಾತಾಡುವ ದೃಶ್ಯಗಳ ನೆಗೆಟಿವನ್ನು ಈಗ ಸ್ಕ್ಯಾನ್ ಮಾಡಿದರೆ ಅಂಗಿಯ ನೇಯ್ಗೆಯೂ ಕಾಣುತ್ತದೆ. ಮರುಕ್ಷಣವೇ ನೌಕೆ ಹಾರುವ ದೃಶ್ಯ ಬಂದರೆ ಪರದೆಯ ಮೇಲೆ ಮರಳು ಚೆಲ್ಲಿದ ಹಾಗಿರುತ್ತದೆ. ಇದಕ್ಕೆ ಕಾರಣ ಆಪ್ಟಿಕಲ್ ಪ್ರಿಂಟರ್, ಹಲವು ಫಿಲ್ಮುಗಳ ಚಿತ್ರಗಳನ್ನು ಒಂದೇ ಫಿಲ್ಮಿಗೆ ನಕಲಿಸುವ ಯಂತ್ರ. ನೌಕೆಯ ಮಾದರಿಯನ್ನು ನೀಲಿ ಪರದೆಯ ಎದುರು ಒಂದು ಫಿಲ್ಮಿನಲ್ಲಿ, ನಕ್ಷತ್ರಗಳನ್ನು ಇನ್ನೊಂದರಲ್ಲಿ, ಗ್ರಹವನ್ನು ಮತ್ತೊಂದರಲ್ಲಿ ತೆಗೆಯಬೇಕು. ನೌಕೆಯ ಆಕಾರಕ್ಕೆ ಸರಿಯಾಗಿ ಮ್ಯಾಟ್ ಎಂಬ ಕಪ್ಪು ಮುಸುಕು ಮಾಡಿಕೊಂಡು, ಎಲ್ಲವನ್ನೂ ಒಂದೊಂದಾಗಿ ಹೊಸ ಫಿಲ್ಮಿಗೆ ಇಳಿಸಬೇಕು. ಪ್ರತಿ ನಕಲಿಗೂ ಗ್ರೇನ್, ಅಂದರೆ ಫಿಲ್ಮಿನ ಕಣಗಳ ಒರಟುತನ, ಏರುತ್ತದೆ, ಧೂಳು ಸೇರುತ್ತದೆ. ಮುಸುಕು ಕೂದಲೆಳೆಯಷ್ಟು ಸರಿದರೂ ನೌಕೆಯ ಸುತ್ತ ಕಪ್ಪು ಅಂಚು ಮೂಡುತ್ತದೆ. ಆ ಕಾಲದ ಪುಟ್ಟ ಟಿ.ವಿ.ಯಲ್ಲಿ ಇದೆಲ್ಲ ಕಾಣುವುದಿಲ್ಲ ಎಂಬ ಲೆಕ್ಕದಲ್ಲೇ ಕೆಲಸ ಮುಗಿಸಿದ್ದರು. ಆ ಲೆಕ್ಕ 55 ಇಂಚಿನ ಪರದೆಗೆ ಹೊಂದುವುದಿಲ್ಲ.

ಇನ್ನು ಬಜೆಟ್ಟಿನ ವಿಷಯ. ಸರಣಿಯ ಪಾತ್ರಗಳು ಓಡಾಡುವ ಎಂಟರ್‌ಪ್ರೈಸ್ ನೌಕೆಯ ದೊಡ್ಡ ಮಾದರಿ 11 ಅಡಿ ಉದ್ದದ್ದು; ಈಗ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ವೈಮಾನಿಕ ಸಂಗ್ರಹಾಲಯದಲ್ಲಿದೆ. ಒಳಗಿನ ದೀಪಗಳ ವೈರುಗಳನ್ನು ಎಡಗಡೆಯಿಂದ ಹೊರಗೆಳೆದಿದ್ದರಿಂದ ಆ ಬದಿಯನ್ನು ಕ್ಯಾಮೆರಾಗೆ ತೋರಿಸುವಂತೆಯೇ ಇರಲಿಲ್ಲ. ಹೀಗಾಗಿ ನೌಕೆ ಹೆಚ್ಚುಕಡಿಮೆ ಯಾವಾಗಲೂ ಬಲಮಗ್ಗುಲನ್ನೇ ತೋರುತ್ತದೆ, ಗ್ರಹವನ್ನು ಸುತ್ತುವ ಒಂದೇ ಶಾಟ್ ಕಂತಿನಿಂದ ಕಂತಿಗೆ ಮರಳಿ ಬರುತ್ತದೆ. 'ದಿ ಡೂಮ್ಸ್‌ಡೇ ಮಷೀನ್' ಕಂತಿನಲ್ಲಿ ಜಖಂಗೊಂಡ ನೌಕೆಯಾಗಿ ನಟಿಸಿದ್ದು ಅಂಗಡಿಯಲ್ಲಿ ಸಿಗುತ್ತಿದ್ದ ಎಎಂಟಿ ಕಂಪನಿಯ ಪ್ಲಾಸ್ಟಿಕ್ ಕಿಟ್. ಅದನ್ನು ಜೋಡಿಸಿ, ಸುಟ್ಟು ವಿಕಾರ ಮಾಡಿದ್ದರು. ಇದರಲ್ಲಿ ಜಾಣತನವಿದೆ, ಒಪ್ಪುತ್ತೇನೆ. ಆದರೆ ಇದನ್ನೇ ಕಲಾವಿದರ ಅಂತಿಮ ಇಚ್ಛೆ ಎಂದು ಪೂಜೆಗೆ ಇಡುವುದು ಅತಿಯಾಯಿತು. ಕೈಯಲ್ಲಿ ಕಾಸಿಲ್ಲದೆ ಮಾಡಿದ್ದನ್ನು ಕಾಸಿಲ್ಲದೆ ಮಾಡಿದ್ದು ಎನ್ನೋಣ.

2006ರಲ್ಲಿ ಸರಣಿಯ ಹಕ್ಕು ಹೊಂದಿದ್ದ ಸಿಬಿಎಸ್ ಆ 79 ಕಂತುಗಳಿಗೂ ಹೊಸ ಎಫೆಕ್ಟ್ ಮಾಡಿಸಲು ಹೊರಟಾಗ ಜವಾಬ್ದಾರಿ ಕೊಟ್ಟದ್ದು ಸರಣಿಯ ಒಳಹೊರಗು ಬಲ್ಲ ಮೈಕಲ್ ಒಕುಡಾ, ಡೆನಿಸ್ ಒಕುಡಾ ಮತ್ತು ಡೇವ್ ರಾಸಿ ಅವರಿಗೆ. ಹಳೆಯ ಶಾಟ್ ಎಷ್ಟು ಹೊತ್ತು ಇತ್ತೋ ಹೊಸದೂ ಅಷ್ಟೇ ಹೊತ್ತು ಇರಬೇಕು, ಇಲ್ಲದಿದ್ದರೆ ಸಂಗೀತ ಮತ್ತು ಮಾತು ಜಾರುತ್ತವೆ. ಮೊದಮೊದಲು ಬಂದ ಕಂತುಗಳಲ್ಲಿ ನೌಕೆ ಪ್ಲಾಸ್ಟಿಕ್ಕಿನಂತೆ ಕಾಣುತ್ತಿದ್ದುದು ನಿಜ, ಮುಂದೆ ಸುಧಾರಿಸಿತು. 2009ರಿಂದ ಬಂದ ಬ್ಲೂ-ರೇಗಳಲ್ಲಿ ನೋಡುಗರು ಹಳೆಯ ಎಫೆಕ್ಟ್ ಬೇಕೋ ಹೊಸದು ಬೇಕೋ ಎಂದು ಆರಿಸಿಕೊಳ್ಳಬಹುದಿತ್ತು. ಇದಕ್ಕಿಂತ ಪ್ರಾಮಾಣಿಕವಾದ ದಾರಿ ಯಾವುದು?

ಅದಕ್ಕಿಂತಲೂ ಒಳ್ಳೆಯ ಮಾದರಿ ಸ್ಟಾರ್ ಟ್ರೆಕ್ಕಿನ ಮುಂದಿನ ಸರಣಿ, 1987–94ರ 'ದಿ ನೆಕ್ಸ್ಟ್ ಜನರೇಷನ್'. ಇದನ್ನೂ ಫಿಲ್ಮಿನಲ್ಲೇ ತೆಗೆದಿದ್ದರು, ಆದರೆ ಹಣ ಮತ್ತು ಸಮಯ ಉಳಿಸಲು ಸಂಕಲನವನ್ನೂ ಎಫೆಕ್ಟ್ ಜೋಡಣೆಯನ್ನೂ ವಿಡಿಯೊ ಟೇಪಿನಲ್ಲಿ ಮಾಡಿದರು. ಅಂದರೆ ಪೂರ್ಣಗೊಂಡ ಕಂತು ಫಿಲ್ಮಿನಲ್ಲಿ ಎಲ್ಲೂ ಇಲ್ಲ. ಇದ್ದದ್ದು ಸುಮಾರು 480 ಗೆರೆಗಳ ಟೇಪು ಮಾತ್ರ. ಟೇಪನ್ನು ಎಷ್ಟು ಹಿಗ್ಗಿಸಿದರೂ ಅದರಲ್ಲಿ ಇಲ್ಲದ ವಿವರ ಹುಟ್ಟುವುದಿಲ್ಲ. ಆದ್ದರಿಂದ ಉಗ್ರಾಣದಿಂದ 25 ಸಾವಿರಕ್ಕೂ ಹೆಚ್ಚು ರೀಲು ಹೊರತೆಗೆದು, ಸ್ಕ್ಯಾನ್ ಮಾಡಿ, ಪ್ರತಿ ಕಂತನ್ನೂ ಹಳೆಯ ಸಂಕಲನಕ್ಕೆ ಶಾಟಿಗೆ ಶಾಟು ಹೊಂದಿಸಿ ಮತ್ತೆ ಕಟ್ಟಿದರು. ನೌಕೆಯ ಮಾದರಿಯನ್ನು ಚಿತ್ರೀಕರಿಸಿದ ಫಿಲ್ಮ್ ತುಣುಕುಗಳು ಉಳಿದಿದ್ದವು. ಅವನ್ನೇ ಕಂಪ್ಯೂಟರಿನಲ್ಲಿ ಮತ್ತೆ ಜೋಡಿಸಿದರು. ಕಂಪ್ಯೂಟರಿನಲ್ಲಿ ಜೋಡಿಸಿದರೆ ನಕಲಿನ ನಷ್ಟವಿಲ್ಲ. ಫೇಸರ್ ಆಯುಧದ ಕಿರಣ, ಜನರನ್ನು ಕ್ಷಣದಲ್ಲಿ ಸಾಗಿಸುವ ಟ್ರಾನ್ಸ್‌ಪೋರ್ಟರಿನ ಮಿನುಗುಗಳಂತೆ ಟೇಪಿನ ಹಂತದಲ್ಲೇ ಮಾಡಿದ್ದವನ್ನು ಮಾತ್ರ ಹೊಸದಾಗಿ ಮಾಡಬೇಕಾಯಿತು. ಚಿತ್ರದ ಚೌಕಟ್ಟು ಹಳೆಯ ಟಿ.ವಿ.ಗಳ 4:3ರಲ್ಲೇ ಉಳಿಯಿತು. ಅಗಲ ಮಾಡಿದ್ದರೆ ಪಕ್ಕದಲ್ಲಿ ನಿಲ್ಲಿಸಿದ್ದ ಲೈಟ್ ಸ್ಟ್ಯಾಂಡುಗಳೂ ಕಥೆಯೊಳಗೆ ಬರುತ್ತಿದ್ದವು.

ತಾಂತ್ರಿಕ ರಾಜಿಯನ್ನು ಸರಿಪಡಿಸಿದ್ದಕ್ಕೆ ಸಿನಿಮಾದಲ್ಲೂ ಉದಾಹರಣೆ ಇದೆ. ಸ್ಟಾರ್ ವಾರ್ಸ್ ಸರಣಿಯ 1980ರ 'ದಿ ಎಂಪೈರ್ ಸ್ಟ್ರೈಕ್ಸ್ ಬ್ಯಾಕ್' ಚಿತ್ರದ ಹಿಮದ ಯುದ್ಧವನ್ನು ನೆನೆಯಿರಿ. ಕರಿ ಆಕಾಶದ ಮೇಲೆ ಮ್ಯಾಟಿನ ಕಪ್ಪು ಅಂಚು ಮುಚ್ಚಿಹೋಗುತ್ತದೆ, ಬಿಳಿ ಹಿಮದ ಮೇಲೆ ಎದ್ದು ಕಾಣುತ್ತದೆ. ಅದನ್ನು ಮರೆಮಾಚಲು ಮುಸುಕನ್ನು ತೆಳುವಾಗಿಸಿದರು. ಪರಿಣಾಮವಾಗಿ ಹಾರುವ ವಾಹನಗಳ ಕಾಕ್‌ಪಿಟ್ಟಿನ ಚೌಕಟ್ಟಿನ ಮೂಲಕವೇ ಹಿಂದಿನ ಹಿಮ ಕಾಣತೊಡಗಿತು. 1997ರಲ್ಲಿ ಅದನ್ನು ಸರಿಪಡಿಸಿದರು. ಈ ರಿಪೇರಿಯಿಂದ ಯಾರಿಗೆ ನಷ್ಟವಾಯಿತೋ ತಿಳಿಯದು. 'ಬ್ಲೇಡ್ ರನ್ನರ್' (1982) ಚಿತ್ರದ 2007ರ ಫೈನಲ್ ಕಟ್‌ನಲ್ಲಿ ಹಾರುವ ಕಾರನ್ನು ಎತ್ತಿದ್ದ ತಂತಿ ಅಳಿಸಿದರು, ಗಾಜು ಒಡೆದು ಓಡುವ ದೃಶ್ಯದಲ್ಲಿ ಸ್ಟಂಟ್ ಕಲಾವಿದೆಯ ಮುಖದ ಜಾಗಕ್ಕೆ ನಟಿ ಜೊಆನಾ ಕ್ಯಾಸಿಡಿಯ ಮುಖವನ್ನೇ ಹೊಸದಾಗಿ ತೆಗೆದು ಕೂರಿಸಿದರು. ಹಾವಿನ ವ್ಯಾಪಾರಿಯ ಜತೆಗಿನ ಮಾತು ತುಟಿಗೆ ಹೊಂದುತ್ತಿರಲಿಲ್ಲ. ಹ್ಯಾರಿಸನ್ ಫೋರ್ಡ್ ಮಗನ ತುಟಿಗಳನ್ನು ಚಿತ್ರೀಕರಿಸಿ ತಂದೆಯ ಮುಖಕ್ಕೆ ಇಟ್ಟರು! ಆ ಬಾರಿಯ ಪೆಟ್ಟಿಗೆಯಲ್ಲಿ ಹಿಂದಿನದೂ ಸೇರಿ ಚಿತ್ರದ 5 ಆವೃತ್ತಿಗಳಿದ್ದವು.

ಎದುರು ಬಣದವರು 'ಸ್ಟಾರ್ ವಾರ್ಸ್'ನಲ್ಲಿ ನಾಯಕ ಹ್ಯಾನ್ ಸೋಲೊ ಮೊದಲು ಗುಂಡು ಹಾರಿಸುತ್ತಿದ್ದುದನ್ನು ತಿದ್ದಿ, ಎದುರಾಳಿ ಗ್ರೀಡೊನೇ ಮೊದಲು ಹಾರಿಸುವಂತೆ ಮಾಡಿದ ದೃಶ್ಯವನ್ನು ಎತ್ತಿಕೊಂಡು ಬರುತ್ತಾರೆ ಎಂಬುದು ಗೊತ್ತು. ಅದು ಎಫೆಕ್ಟ್ ರಿಪೇರಿಯಲ್ಲ, ಪಾತ್ರದ ಗುಣವನ್ನೇ ಬದಲಿಸಿದ್ದು. ಕೈ ಮೀರಿದವರ ತಪ್ಪಿಗೆ ಕೆಲಸವನ್ನೇ ಬೈದು ಪ್ರಯೋಜನವಿಲ್ಲ. ತಂತಿ, ಅಂಚು, ಧೂಳು ಅಳಿಸಲಿ. ಮೂಲ ತುಣುಕು ಉಳಿದಿದ್ದರೆ ಅದನ್ನೇ ಮರುಜೋಡಿಸಲಿ. ಉಳಿಯದಿದ್ದರೆ ಅದೇ ಕೋನ, ಅದೇ ಅವಧಿಯಲ್ಲಿ ಹೊಸದು ಮಾಡಲಿ. ಜತೆಗೆ ಹಳೆಯದೂ ಸಿಗಲಿ. ಇಷ್ಟು ಮಾಡಿದರೆ ಇವತ್ತಿನ ಹದಿನಾಲ್ಕರ ಹುಡುಗಿ ಕಪ್ಪು ಅಂಚು ಕಂಡು ನಕ್ಕು ಚಾನೆಲ್ ಬದಲಿಸುವ ಬದಲು ಕಥೆಯನ್ನು ಪೂರ್ತಿ ನೋಡುತ್ತಾಳೆ.

ವಿರೋಧ: ಹೊಸದು ಬಂದ ಮೇಲೆ ಹಳೆಯದಕ್ಕೆ ಜಾಗ ಉಳಿಯುವುದಿಲ್ಲ

"ಜತೆಗೆ ಹಳೆಯದೂ ಸಿಗಲಿ" ಎಂಬ ಒಂದು ಸಾಲಿನ ಮೇಲೆ ಪರ ವಾದವೆಲ್ಲ ನಿಂತಿದೆ. ಆ ಸಾಲನ್ನೇ ಮೊದಲು ಪರೀಕ್ಷಿಸೋಣ. ಎರಡು ಆವೃತ್ತಿಗಳ ಆಯ್ಕೆ ಇರುವುದು ಬ್ಲೂ-ರೇ ಡಿಸ್ಕಿನಲ್ಲಿ. ನಮ್ಮಲ್ಲಿ ಬ್ಲೂ-ರೇ ಪ್ಲೇಯರ್ ಇರುವ ಮನೆಗಳೆಷ್ಟು? ಸ್ಟ್ರೀಮಿಂಗ್‌ನಲ್ಲಿ ಮೊದಲ ಸ್ಟಾರ್ ಟ್ರೆಕ್ ಹುಡುಕಿದರೆ ಸಾಮಾನ್ಯವಾಗಿ ಸಿಗುವುದು ಹೊಸ ಎಫೆಕ್ಟಿನದು ಮಾತ್ರ. ಹಳೆಯದೊಂದು ಇತ್ತು ಎಂಬ ಸೂಚನೆಯೂ ಅಲ್ಲಿರುವುದಿಲ್ಲ.

'ಸ್ಟಾರ್ ವಾರ್ಸ್' ಕಥೆ ಇನ್ನೂ ಕೆಟ್ಟದ್ದು. ತೆರೆಕಂಡದ್ದು 1977ರ ಮೇ 25ರಂದು. 1997ರ ಸ್ಪೆಷಲ್ ಎಡಿಷನ್‌ಗಾಗಿ ಮೂಲ ನೆಗೆಟಿವನ್ನೇ ಕತ್ತರಿಸಿ ಹೊಸ ಶಾಟುಗಳಿಗೆ ಹೊಂದಿಸಿದರು. 2006ರಲ್ಲಿ ಅಭಿಮಾನಿಗಳ ಒತ್ತಾಯಕ್ಕೆ ಮಣಿದು ಡಿವಿಡಿಯಲ್ಲಿ ಮೂಲ ಚಿತ್ರವನ್ನು ಕೊಟ್ಟಾಗ ಅದು 1993ರ ಲೇಸರ್‌ಡಿಸ್ಕಿಗೆ ಮಾಡಿದ್ದ ವಿಡಿಯೊ ಮಾಸ್ಟರಿನ ನಕಲು. ಅಗಲ ಪರದೆಯ ಟಿ.ವಿ.ಯಲ್ಲಿ ನಾಲ್ಕೂ ಕಡೆ ಕಪ್ಪು ಪಟ್ಟಿಯ ನಡುವೆ ಚಿತ್ರ. ಕೊನೆಗೆ ಅಭಿಮಾನಿಗಳೇ ಹಳೆಯ 35 ಮಿ.ಮೀ. ಪ್ರಿಂಟುಗಳನ್ನು ಹುಡುಕಿ ಸ್ಕ್ಯಾನ್ ಮಾಡಬೇಕಾಯಿತು. ಅದರಲ್ಲೂ ಟೆಕ್ನಿಕಲರ್ ಡೈ-ಟ್ರಾನ್ಸ್‌ಫರ್ ಪ್ರಿಂಟುಗಳಿಗೆ ಬೇಡಿಕೆ. ಆ ಕಾಲದ ಮಾಮೂಲಿ ಈಸ್ಟ್‌ಮನ್ ಪ್ರಿಂಟುಗಳು ವರ್ಷ ಕಳೆದಂತೆ ಗುಲಾಬಿಗೆ ತಿರುಗುತ್ತವೆ, ಇವು ತಿರುಗುವುದಿಲ್ಲ. 2025ರ ಜೂನ್‌ನಲ್ಲಿ ಲಂಡನ್ನಿನ ಚಲನಚಿತ್ರ ಸಂಸ್ಥೆ ಬಿಎಫ್‌ಐ ಅಂಥದೊಂದು ಪ್ರಿಂಟನ್ನು ಸಾರ್ವಜನಿಕರಿಗೆ ತೋರಿಸಿದ್ದು ಜಗತ್ತಿಗೇ ಸುದ್ದಿಯಾಯಿತು. ಕೋಟ್ಯಂತರ ಜನ ನೋಡಿದ ಚಿತ್ರವೊಂದನ್ನು ಮೊದಲಿದ್ದ ಹಾಗೆ ತೋರಿಸುವುದೇ ಸುದ್ದಿ!

ಹಳೆಯ ಚಿತ್ರಗಳಿಗೆ ಬಣ್ಣ ಹಚ್ಚುವುದನ್ನು ವಿರೋಧಿಸಿ 1988ರಲ್ಲಿ ಅಮೆರಿಕದ ಸಂಸತ್ತಿನ ಸಮಿತಿಯೆದುರು ಸಾಕ್ಷ್ಯ ನುಡಿದವರಲ್ಲಿ 'ಸ್ಟಾರ್ ವಾರ್ಸ್'ನ ನಿರ್ದೇಶಕ ಜಾರ್ಜ್ ಲ್ಯೂಕಾಸ್ ಒಬ್ಬರು ಎಂಬುದನ್ನು ಇಲ್ಲೇ ಹೇಳಿಬಿಡಬೇಕು. ಬಣ್ಣದ ಹುಚ್ಚು ನಮಗೂ ಹೊಸದಲ್ಲ. 1965ರ 'ಸತ್ಯ ಹರಿಶ್ಚಂದ್ರ' 2008ರಲ್ಲಿ ಬಣ್ಣ ಹಚ್ಚಿಸಿಕೊಂಡು ಬಂತು, ತೆಲುಗಿನ 1957ರ 'ಮಾಯಾಬಜಾರ್' 2010ರಲ್ಲಿ. 'ಮಾಯಾಬಜಾರ್'ನ ಛಾಯಾಗ್ರಾಹಕ ಮಾರ್ಕಸ್ ಬಾರ್ಟ್ಲಿ ದೋಣಿಯ ಹಾಡಿನಲ್ಲಿ ಕಟ್ಟಿದ ಬೆಳದಿಂಗಳು ಕಪ್ಪು-ಬಿಳುಪಿನ ಲೆಕ್ಕದಲ್ಲಿ ಹುಟ್ಟಿದ್ದು. ಉಡುಪು, ಮೇಕಪ್ಪು, ಸೆಟ್ಟಿನ ಬಣ್ಣಗಳನ್ನೆಲ್ಲ ಬೂದಿಯ ಯಾವ ಛಾಯೆಯಾಗಿ ಬೀಳುತ್ತವೆ ಎಂದು ನೋಡಿ ಆರಿಸುತ್ತಿದ್ದ ಕಾಲ ಅದು. ಅದರ ಮೇಲೆ ನೀಲಿ ಬಳಿದರೆ ಸಿಗುವುದು ನೀಲಿ, ಬೆಳದಿಂಗಳಲ್ಲ.

ಟ್ರಿಕ್ ದೃಶ್ಯಕ್ಕೂ ಅಂಥದೇ ಒಳಲೆಕ್ಕವಿದೆ. ಮಾದರಿಯೊಂದು ಕುಸಿಯುವುದನ್ನೋ ಸ್ಫೋಟಿಸುವುದನ್ನೋ ಮಾಮೂಲಿ ವೇಗದಲ್ಲಿ ತೆಗೆದರೆ ಆಟಿಕೆ ಬಿದ್ದಂತೆ ಕಾಣುತ್ತದೆ, ಯಾಕೆಂದರೆ ಸಣ್ಣ ಮಾದರಿಯಲ್ಲಿ ಬೀಳುವ ದೂರ ಕಡಿಮೆ, ನೆಲ ತಲುಪುವ ಸಮಯವೂ ಕಡಿಮೆ. ಮಾದರಿ ನಿಜಗಾತ್ರದ 16ನೇ ಒಂದು ಭಾಗವಾದರೆ 16ರ ವರ್ಗಮೂಲ 4; ಸೆಕೆಂಡಿಗೆ 24ರ ಬದಲು 96 ಫ್ರೇಮಿನಲ್ಲಿ ತೆಗೆದು 24ರಲ್ಲಿ ಓಡಿಸಬೇಕು. ಆಗ ತೂಕ ಬರುತ್ತದೆ. ಬೆಂಕಿ, ನೀರು ಈ ಲೆಕ್ಕಕ್ಕೂ ಪೂರ್ತಿ ಬಗ್ಗುವುದಿಲ್ಲ, ಹನಿಯ ಗಾತ್ರ ಗುಟ್ಟು ಬಿಟ್ಟುಕೊಡುತ್ತದೆ. ಆದ್ದರಿಂದ ಮಾದರಿಯನ್ನು ಆದಷ್ಟು ದೊಡ್ಡದಾಗಿ ಕಟ್ಟುತ್ತಿದ್ದರು. ಇಂಥ ಮಿತಿಗಳೇ ಶಾಟಿನ ಉದ್ದ, ಕ್ಯಾಮೆರಾದ ನಿಧಾನ, ಮೌನ ಎಲ್ಲವನ್ನೂ ತೀರ್ಮಾನಿಸಿದವು. ಸಂಕಲನಕಾರ ಅದಕ್ಕೆ ತಕ್ಕಂತೆ ಕತ್ತರಿಸಿದ, ಸಂಗೀತಗಾರ ಅದಕ್ಕೆ ತಕ್ಕಂತೆ ಬಾರಿಸಿದ. ಈಗ ಒಂದು ಅಂಗವನ್ನಷ್ಟೇ ಕಿತ್ತು, ಯಾವ ತೂಕವೂ ಇಲ್ಲದೆ ಗಿರಕಿ ಹೊಡೆಯುವ ಗ್ರಾಫಿಕ್ ನೌಕೆ ಇಟ್ಟರೆ ಎರಡು ಬೇರೆ ಬೇರೆ ಚಿತ್ರಗಳನ್ನು ಹೊಲಿದಂತಾಗುತ್ತದೆ. ಅಭಿನಯ 1967ರದು, ಎಫೆಕ್ಟ್ 2007ರದು.

ಅದೂ 2007ರದು, ಇವತ್ತಿನದಲ್ಲ. ಹೊಸದೆಂದು ಕೂರಿಸಿದ್ದು ಹಳೆಯದಕ್ಕಿಂತ ಬೇಗ ಹಳತಾಗುತ್ತದೆ. ಲ್ಯೂಕಾಸ್ 1997ರಲ್ಲಿ 'ಸ್ಟಾರ್ ವಾರ್ಸ್'ಗೆ ಸೇರಿಸಿದ, ಹ್ಯಾನ್ ಸೋಲೊನಿಂದ ಸಾಲ ಕೇಳುವ ಜಬ್ಬಾ ಎಂಬ ಅನ್ಯಲೋಕದ ಜೀವಿಯ ದೃಶ್ಯವನ್ನೇ ನೋಡಿ. 1976ರ ಚಿತ್ರೀಕರಣದಲ್ಲಿ ಜಬ್ಬಾ ಜಾಗದಲ್ಲಿ ಮನುಷ್ಯ ನಟನೊಬ್ಬ ನಿಂತಿದ್ದ, ಹ್ಯಾನ್ ಸೋಲೊ ಅವನ ಬೆನ್ನ ಹಿಂದಿನಿಂದ ಸುತ್ತಿಹೋಗಿದ್ದ. ಗ್ರಾಫಿಕ್ಸ್ ಜಬ್ಬಾಗೆ ಬಾಲವಿದೆ. ಏನು ಮಾಡುವುದು? ಹ್ಯಾನ್‌ನ ಚಿತ್ರವನ್ನೇ ಕಂಪ್ಯೂಟರಿನಲ್ಲಿ ಮೇಲಕ್ಕೆತ್ತಿ ಬಾಲ ತುಳಿಸಿದರು. ಅಷ್ಟು ಕಸರತ್ತಿನ ಜಬ್ಬಾ ಏಳೇ ವರ್ಷಕ್ಕೆ ಸಪ್ಪೆಯಾಗಿ, 2004ರ ಡಿವಿಡಿಗೆ ಮತ್ತೊಂದು ಜಬ್ಬಾ ಬರಬೇಕಾಯಿತು. ಕಥೆಗೆ ಸಿಕ್ಕಿದ್ದೇನು? ಗ್ರೀಡೊ ದೃಶ್ಯದಲ್ಲಿ ಕೇಳಿದ ಸಾಲದ ವಿಷಯವನ್ನೇ ಇನ್ನೊಮ್ಮೆ ಕೇಳುತ್ತೇವೆ. ಆ ಗ್ರೀಡೊ ದೃಶ್ಯವೋ 1997, 2004, 2011, 2019ರಲ್ಲಿ ಪ್ರತಿ ಬಾರಿ ಸ್ವಲ್ಪ ಬದಲಾಗಿದೆ. ಒಮ್ಮೆ ಮುಟ್ಟಿದ ಕೈ ಸುಮ್ಮನಿರುವುದಿಲ್ಲ ಎಂಬುದಕ್ಕೆ ಬೇರೆ ಪುರಾವೆ ಬೇಡ.

ಬ್ರಿಟನ್ನಿನ 'ರೆಡ್ ಡ್ವಾರ್ಫ್' ಸರಣಿಯೂ 1998ರಲ್ಲಿ ಇದೇ ಹಾದಿ ಹಿಡಿದಿತ್ತು: ಮೊದಲ ಮೂರು ಸೀಸನ್ನುಗಳ ಮಾದರಿ ನೌಕೆಗಳನ್ನು ತೆಗೆದು ಗ್ರಾಫಿಕ್ಸ್ ಹಾಕಿದರು. ಅಭಿಮಾನಿಗಳು ಒಪ್ಪಲಿಲ್ಲ, ಡಿವಿಡಿ ಬಂದಾಗ ಹಳೆಯ ರೂಪವನ್ನೇ ಕೊಟ್ಟರು. ಸ್ಟಾರ್ ಟ್ರೆಕ್ಕಿನ ಮೊದಲ ಸಿನಿಮಾಕ್ಕೆ 2001ರಲ್ಲಿ ನಿರ್ದೇಶಕರ ಆವೃತ್ತಿ ಮಾಡಿದಾಗ ಹೊಸ ಎಫೆಕ್ಟುಗಳನ್ನು ಡಿವಿಡಿ ಗುಣಮಟ್ಟಕ್ಕಷ್ಟೇ ರೆಂಡರ್ ಮಾಡಿದರು, ಅಂದರೆ ಕಂಪ್ಯೂಟರಿನಿಂದ ಅಂತಿಮ ಚಿತ್ರವಾಗಿ ಹೊರತೆಗೆದರು. ಎಚ್‌ಡಿ ಬಂದಾಗ 1979ರ ಫಿಲ್ಮಿನ ಚಿತ್ರ ಸಿದ್ಧವಿತ್ತು, 2001ರ ಕಂಪ್ಯೂಟರ್ ಚಿತ್ರ ಸಿದ್ಧವಿರಲಿಲ್ಲ. 2022ರ 4ಕೆಗೆ ಆ ಕೆಲಸವನ್ನು ಮತ್ತೊಮ್ಮೆ ಮಾಡಬೇಕಾಯಿತು. 'ಇ.ಟಿ.' ಚಿತ್ರದ 2002ರ ಆವೃತ್ತಿಯಲ್ಲಿ ಪೊಲೀಸರ ಬಂದೂಕು ಅಳಿಸಿ ವಾಕಿಟಾಕಿ ಹಿಡಿಸಿದ ಸ್ಪೀಲ್‌ಬರ್ಗ್ ಆಮೇಲೆ ಪಶ್ಚಾತ್ತಾಪಪಟ್ಟರು; 2012ರ ಬ್ಲೂ-ರೇಯಲ್ಲಿ ಬಂದೂಕುಗಳು ಮರಳಿದವು.

ಈಗಿನ ಪಿಡುಗು ಬೇರೆ: ಗ್ರೇನ್ ತೆಗೆದು ಎಐ ಮೂಲಕ ಅಂಚು ತಿದ್ದುವುದು. 1986ರ 'ಏಲಿಯನ್ಸ್' ಚಿತ್ರದ 2024ರ 4ಕೆ ಡಿಸ್ಕಿನಲ್ಲಿ ಮುಖಗಳು ಮೇಣದಂತೆ ಕಾಣುತ್ತವೆ ಎಂಬ ದೂರು ಸುಮ್ಮನೆ ಹುಟ್ಟಿದ್ದಲ್ಲ. ಗ್ರೇನ್ ಎಂಬುದು ಕೊಳೆಯಲ್ಲ, ಚಿತ್ರ ಮೂಡಿರುವುದೇ ಅದರಲ್ಲಿ. ಅದನ್ನು ಉಜ್ಜಿದರೆ ಚರ್ಮದ ರಂಧ್ರಗಳೂ ಹೋಗುತ್ತವೆ. ರಕ್ತಪಿಶಾಚಿಗಳ ಸರಣಿ 'ಬಫಿ'ಯನ್ನು 2014ರಲ್ಲಿ ಎಚ್‌ಡಿಗೆ ತಂದಾಗ ಅಗಲ ಮಾಡಿದ ಚೌಕಟ್ಟಿನಲ್ಲಿ ಚಿತ್ರತಂಡದ ಸದಸ್ಯರೇ ಕಾಣಿಸಿಕೊಂಡರು. ಹಗಲಲ್ಲಿ ತೆಗೆದು ರಾತ್ರಿಯೆಂದು ತಿದ್ದಿದ್ದ ದೃಶ್ಯಗಳಿಗೆ ಆ ತಿದ್ದುಪಡಿ ಮಾಡಲು ಮರೆತು, ಪಿಶಾಚಿಗಳು ಬಿಸಿಲಲ್ಲಿ ಓಡಾಡಿದವು.

ಮೂಲ ತುಣುಕುಗಳನ್ನೇ ಸ್ಕ್ಯಾನ್ ಮಾಡಿ ಮರುಜೋಡಿಸುವುದಕ್ಕೆ ನನ್ನ ತಕರಾರಿಲ್ಲ. ಅದು ಸಂರಕ್ಷಣೆ. ಆದರೆ ಮೂಲ ಇಲ್ಲದ ಕಡೆ ಏನು ಮಾಡಬೇಕು ಎನ್ನುವುದಕ್ಕೆ ಒಳ್ಳೆಯ ಉತ್ತರ 'ಬ್ಯಾಬಿಲಾನ್ 5' ಕೊಟ್ಟಿದೆ. 1994–98ರ ಈ ಸರಣಿಯ ನಟರ ದೃಶ್ಯಗಳು ಫಿಲ್ಮಿನಲ್ಲಿದ್ದವು, ನೌಕೆಗಳೆಲ್ಲ ಕಂಪ್ಯೂಟರಿನಲ್ಲಿ 4:3 ಟಿ.ವಿ. ಗಾತ್ರಕ್ಕೆ ರೆಂಡರ್ ಆಗಿದ್ದವು. ಕಂಪ್ಯೂಟರ್ ಫೈಲುಗಳನ್ನು ಯಾರೂ ವ್ಯವಸ್ಥಿತವಾಗಿ ಕಾಪಿಡಲಿಲ್ಲ. ಡಿವಿಡಿಗೆ ಅಗಲ ಚಿತ್ರ ಬೇಕೆಂದು ಗ್ರಾಫಿಕ್ಸಿನ ಮೇಲೂ ಕೆಳಗೂ ಕತ್ತರಿಸಿ ಹಿಗ್ಗಿಸಿದ್ದರಿಂದ ಅವು ಅಸಹ್ಯವಾಗಿ ಮಸುಕಾದವು. 2021ರಲ್ಲಿ ಅದನ್ನು ಕೈಬಿಟ್ಟು 4:3ಕ್ಕೆ ಮರಳಿದರು: ನಟರ ದೃಶ್ಯಗಳಿಗೆ ನೆಗೆಟಿವಿನ ಹೊಸ ಸ್ಕ್ಯಾನ್, ಗ್ರಾಫಿಕ್ಸ್ ಇದ್ದದ್ದನ್ನೇ ಹದವಾಗಿ ಹಿಗ್ಗಿಸಿದ್ದು, ಹೊಸ ನೌಕೆ ಒಂದೂ ಇಲ್ಲ. ಎರಡರ ನಡುವೆ ವ್ಯತ್ಯಾಸ ಕಾಣುತ್ತದೆ, ಕಂಡರೆ ಕಾಣಲಿ. 'ನೆಕ್ಸ್ಟ್ ಜನರೇಷನ್' ಡಿಸ್ಕುಗಳ ಮಾರಾಟ ಅಂದುಕೊಂಡಷ್ಟು ಆಗದೆ ಸ್ಟಾರ್ ಟ್ರೆಕ್ಕಿನವೇ ಆದ 'ಡೀಪ್ ಸ್ಪೇಸ್ ನೈನ್' ಮತ್ತು 'ವಾಯೇಜರ್' ಇನ್ನೂ ಟೇಪಿನ ಗುಣಮಟ್ಟದಲ್ಲೇ ಕೂತಿವೆ. ಕೊನೆಯ ಸೀಸನ್ನುಗಳ ಗ್ರಾಫಿಕ್ಸ್ ಹೊಸದಾಗಿ ಮಾಡಲು ದುಬಾರಿ ಎನ್ನುವುದು ತಡೆಯ ಒಂದು ಭಾಗ. ಆ ಶಾಟುಗಳನ್ನು ಇದ್ದ ಹಾಗೇ ಮಸುಕಾಗಿ ಬಿಟ್ಟು, ಉಳಿದ ನೆಗೆಟಿವ್‌ಗಳನ್ನು ಸ್ಕ್ಯಾನ್ ಮಾಡಲು ಶುರು ಮಾಡಲಿ.