ಅಡಿಕೆ ಪೊಟ್ಟಣದ ಮೇಲೆ ‘ಕ್ಯಾನ್ಸರ್’ ಎಂದು ಬರೆಯಬೇಕೇ?

ಪುಡಿ ಅಡಿಕೆಯ ಪೊಟ್ಟಣದ ಮೇಲೆ ಈಗ ‘ಅಡಿಕೆ ಅಗಿಯುವುದು ಆರೋಗ್ಯಕ್ಕೆ ಹಾನಿಕರ’ ಎಂಬ ಸಾಲು ಇರುತ್ತದೆ. ಅದನ್ನು ತೆಗೆದು, ತಂಬಾಕಿನ ಪೊಟ್ಟಣದಂತೆ ಚಿತ್ರ ಹಾಕಿ, ಕ್ಯಾನ್ಸರ್ ಎಂದೇ ಬರೆಯಬೇಕೇ? ದಾವಣಗೆರೆಯ ಒಬ್ಬ ದಂತವೈದ್ಯೆ ಮತ್ತು ಚನ್ನಗಿರಿ ತಾಲ್ಲೂಕಿನ ಒಬ್ಬ ಬೆಳೆಗಾರರನ್ನು ಕೇಳಿದೆವು.

ಪರ: ಬಾಯಿಗೆ ಮೂರು ಬೆರಳು ಹೋಗಬೇಕು

ನಿಮ್ಮ ಕೈಯ ಮೂರು ಬೆರಳು ಜೋಡಿಸಿ. ಒಂದರ ಮೇಲೊಂದು ಬರುವ ಹಾಗೆ ಕೈ ತಿರುಗಿಸಿ. ಬಾಯಿ ತೆರೆದು ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ನಡುವೆ ಇಡಿ. ಹೋಯಿತಾ? ಹೋದರೆ ಸಂತೋಷ. ನನ್ನ ಕ್ಲಿನಿಕ್ಕಿಗೆ ಬರುವ ಎಷ್ಟೋ ಹುಡುಗರಿಗೆ ಎರಡು ಬೆರಳು ಇಡುವುದೂ ಕಷ್ಟ.

ಅವರು ಹಲ್ಲುನೋವು ಎಂದು ಬರುವುದಿಲ್ಲ. “ಮೇಡಂ, ಮಂಡಕ್ಕಿ ಜೊತೆ ಮೆಣಸಿನಕಾಯಿ ತಿನ್ನೋಕೆ ಆಗ್ತಿಲ್ಲ, ಬಾಯೆಲ್ಲ ಉರಿ” ಎನ್ನುತ್ತಾರೆ. ದಾವಣಗೆರೆಯಲ್ಲಿ ಹುಟ್ಟಿ ಬೆಳೆದವನಿಗೆ ಮೆಣಸಿನಕಾಯಿ ಖಾರ ಆಯಿತು ಎಂದರೆ ನನಗೆ ಅಲ್ಲೇ ಅರ್ಧ ಗೊತ್ತಾಗಿಬಿಡುತ್ತದೆ. ಕೆನ್ನೆಯ ಒಳಗೆ ಬೆರಳಾಡಿಸಿದರೆ ಮೆತ್ತಗಿರಬೇಕಾದ ಕಡೆ ಹಗ್ಗದಂಥ ಪಟ್ಟಿ ಸಿಗುತ್ತದೆ. ಒಳಚರ್ಮ ಬಿಳಚಿಕೊಂಡಿರುತ್ತದೆ. ಇದಕ್ಕೆ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂದು ಹೆಸರು. “ಏನು ಹಾಕ್ತೀಯಪ್ಪ?” ಎಂದರೆ, “ಅಡಿಕೆ ಅಷ್ಟೇ ಮೇಡಂ, ತಂಬಾಕು ಮುಟ್ಟಲ್ಲ” ಎಂದು ಹೆಮ್ಮೆಯಿಂದ ಹೇಳುತ್ತಾರೆ.

ಒಳಗೆ ಏನಾಗುತ್ತದೆ ಎಂಬುದು ಈಗ ಸಾಕಷ್ಟು ತಿಳಿದಿದೆ. ನಮ್ಮ ಕೆನ್ನೆಯ ಒಳಪದರದ ಕೆಳಗೆ ಕೊಲ್ಯಾಜೆನ್ ಎಂಬ ನಾರು ಇರುತ್ತದೆ. ದಿನಾ ಹೊಸದು ಹೆಣೆಯುತ್ತದೆ, ಹಳೆಯದು ಕರಗುತ್ತದೆ. ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ರಾಸಾಯನಿಕ ಈ ನಾರು ಹೆಣೆಯುವ ಕೋಶಗಳನ್ನು ಕೆರಳಿಸುತ್ತದೆ. ಅಡಿಕೆಯಲ್ಲಿ ತಾಮ್ರವೂ ಜಾಸ್ತಿ ಇದೆ. ನಾರಿಗೆ ನಾರು ಬೆಸೆಯುವ ಕಿಣ್ವಕ್ಕೆ ಆ ತಾಮ್ರ ಬಲ ಕೊಡುತ್ತದೆ. ಇನ್ನು ಚೊಗರು. ಅಡಿಕೆ ಬೇಯಿಸುವವರಿಗೆ ಚೊಗರು ಏನೆಂದು ನಾನು ಹೇಳಬೇಕಾಗಿಲ್ಲ; ಉಳಿದವರಿಗೆ ಹೇಳುವುದಾದರೆ, ಅಡಿಕೆ ಬೇಯಿಸಿದಾಗ ಉಳಿಯುವ ಗಟ್ಟಿ ಕೆಂಪು ರಸ. ಅದರ ಒಗರು ಟ್ಯಾನಿನ್‌ನದು. ತಂಗಡಿ ಗಿಡದ ತೊಗಟೆಯಲ್ಲೂ ಇರುವುದು ಟ್ಯಾನಿನ್ನೇ. ಹಿಂದೆ ನಮ್ಮ ಕಡೆ ಚರ್ಮ ಹದ ಮಾಡಲು ತಂಗಡಿ ತೊಗಟೆಯನ್ನೇ ಬಳಸುತ್ತಿದ್ದರು. ಹದ ಮಾಡಿದ ಚರ್ಮ ಕೊಳೆಯುವುದಿಲ್ಲ, ಕರಗುವುದಿಲ್ಲ, ಚಪ್ಪಲಿಯಾಗುತ್ತದೆ. ಈ ಹುಡುಗರ ಕೆನ್ನೆಯ ನಾರೂ ಹಾಗೇ ಕರಗದೆ ಉಳಿಯುತ್ತದೆ. ಅಡಿಕೆ ಬಿಟ್ಟ ಮೇಲೂ ಬಾಯಿ ಮೊದಲಿನಂತೆ ತೆರೆಯುವುದಿಲ್ಲ.

ಅಷ್ಟೇ ಆಗಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ. ಕೇರಳದ ಎರ್ನಾಕುಲಂನಲ್ಲಿ ಇಂಥ ರೋಗಿಗಳನ್ನು 17 ವರ್ಷ ಬೆನ್ನುಹತ್ತಿ ನೋಡಿದರು. 100ಕ್ಕೆ 7ರಿಂದ 8 ಜನರಿಗೆ ಕ್ಯಾನ್ಸರ್ ಆಯಿತು. ಅದು ಚಿಕ್ಕ ಅಧ್ಯಯನ, ನಿಜ. ದೊಡ್ಡ ಲೆಕ್ಕವೂ ಬಂದಿದೆ. 2024ರಲ್ಲಿ ಲ್ಯಾನ್ಸೆಟ್ ಆಂಕಾಲಜಿ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಅಂದಾಜಿನಂತೆ 2022ರಲ್ಲಿ ಜಗತ್ತಿನಲ್ಲಿ ಸುಮಾರು 3,89,800 ಬಾಯಿ ಕ್ಯಾನ್ಸರ್. ಅದರಲ್ಲಿ 1,20,200ಕ್ಕೆ ಕಾರಣ ಹೊಗೆರಹಿತ ತಂಬಾಕು ಮತ್ತು ಅಡಿಕೆ. ಆ 1,20,200ರಲ್ಲಿ 83,400 ನಮ್ಮ ದೇಶದ್ದೇ.

“ಅದು ತಂಬಾಕಿನ ತಪ್ಪು, ಪಾಪ ಅಡಿಕೆ ಏನು ಮಾಡಿತು?” ಇದು ನಮ್ಮ ಜಿಲ್ಲೆಯ ರಾಷ್ಟ್ರಗೀತೆ. ತಾಂಬೂಲ, ಪೂಜೆ, ಅಜ್ಜಿ, ಎಲ್ಲವೂ ಸಾಲಾಗಿ ಬರುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಗೂ ಮೊದಲು ಇದೇ ಅನುಮಾನ ಇತ್ತು. 1985ರಲ್ಲಿ ಅದು ತಂಬಾಕು ಸೇರಿದ ಎಲೆ-ಅಡಿಕೆಯನ್ನಷ್ಟೇ ಕ್ಯಾನ್ಸರ್‌ಕಾರಕ ಎಂದಿತು. ತಂಬಾಕು ಇಲ್ಲದ್ದಕ್ಕೆ ಪುರಾವೆ ಸಾಲದು ಎಂದಿತು. ಆಮೇಲೆ ತೈವಾನಿನಿಂದ ಅಧ್ಯಯನಗಳು ಬಂದವು. ಅಲ್ಲಿ ಅಡಿಕೆಗೆ ತಂಬಾಕು ಬೆರೆಸುವ ರೂಢಿಯೇ ಇಲ್ಲ. ಕ್ಯಾನ್ಸರ್ ಮಾತ್ರ ಇತ್ತು. 2004ರಲ್ಲಿ ಬಂದ ವರದಿ ಬರೀ ಅಡಿಕೆಯನ್ನೇ ಮೊದಲನೇ ಗುಂಪಿಗೆ, ಅಂದರೆ ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆ ಎಂದು ಖಚಿತವಾದವುಗಳ ಗುಂಪಿಗೆ, ಸೇರಿಸಿತು. ಇಪ್ಪತ್ತು ವರ್ಷ ದಾಟಿದೆ. ನಮ್ಮ ಪೊಟ್ಟಣ ಇನ್ನೂ ‘ಹಾನಿಕರ’ದಲ್ಲೇ ನಿಂತಿದೆ.

ಈ ‘ಹಾನಿಕರ’ ಎಂಬ ಪದದ ಮೇಲೆ ನನಗೆ ಯಾಕೆ ಇಷ್ಟು ಸಿಟ್ಟು ಎಂದು ಹೇಳಿಬಿಡುತ್ತೇನೆ.

ನನ್ನ ಸೋದರಮಾವ ಹೊಳಲ್ಕೆರೆ ಕಡೆಯವರು. ಬಸ್ ಕಂಡಕ್ಟರ್. ಬೀಡಿ ಇಲ್ಲ, ಹೊಗೆಸೊಪ್ಪು ಇಲ್ಲ, ಕುಡಿತ ಇಲ್ಲ. ಅಂಗಿ ಜೇಬಿನಲ್ಲಿ ಟಿಕೆಟ್ ಪುಸ್ತಕದ ಪಕ್ಕ ಪುಡಿ ಅಡಿಕೆ ಪೊಟ್ಟಣ. ನಾನು ಇಂಟರ್ನ್ ಆಗಿದ್ದಾಗ ಮನೆಯಲ್ಲಿ ಒಂದು ಗೃಹಪ್ರವೇಶ. ಊಟ ಆದ ಮೇಲೆ ಕರೆದರು. “ಬಾರವ್ವ ಡಾಕ್ಟ್ರಮ್ಮ, ಇಲ್ಲೊಂದು ಹುಣ್ಣಾಗಿದೆ ನೋಡು.” ಕೈ ತೊಳೆಯುವ ಕಡೆ ಬೆಳಕು ಸರಿ ಇರಲಿಲ್ಲ. ನಾನು ಎರಡು ಸೆಕೆಂಡ್ ನೋಡಿರಬಹುದು. “ಹಲ್ಲು ತಾಗಿ ಆಗಿದೆ ಮಾವ, ಬಿ-ಕಾಂಪ್ಲೆಕ್ಸ್ ತಗೊಳ್ಳಿ” ಎಂದೆ. ಎಲ್ಲರೂ ನಕ್ಕರು. ಮನೆಗೆ ಡಾಕ್ಟರ್ ಬಂದಳು ಎಂದು ಅತ್ತೆಗೆ ಖುಷಿ.

ಅವರು ನಾಲ್ಕು ತಿಂಗಳು ನಿಷ್ಠೆಯಿಂದ ಬಿ-ಕಾಂಪ್ಲೆಕ್ಸ್ ನುಂಗಿದರು. ಸೊಸೆ ಹೇಳಿದ್ದಳಲ್ಲ. ಆಮೇಲೆ ಕುತ್ತಿಗೆಯಲ್ಲಿ ಗಂಟು ಬಂತು. ಬೆಂಗಳೂರಿನಲ್ಲಿ ಎಡಗಡೆಯ ಕೆಳದವಡೆ ತೆಗೆದರು. ಎದೆಯ ಮಾಂಸ ತಂದು ಕೆನ್ನೆಗೆ ಹೊಲಿದರು. ಮುದ್ದೆ ಇಲ್ಲದೆ ಊಟವಿಲ್ಲ ಎನ್ನುತ್ತಿದ್ದ ಮನುಷ್ಯನಿಗೆ ಮೂಗಿನ ನಳಿಕೆಯಲ್ಲಿ ರಾಗಿ ಅಂಬಲಿ. ಒಂದು ದಿನ ಪೊಟ್ಟಣದ ಮಾತು ಬಂತು. ತೊದಲುತ್ತಾ ಹೇಳಿದರು: “ಬರ್ದಿತ್ತವ್ವ, ಹಾನಿಕರ ಅಂತ. ಹಾನಿಕರ ಅಂದ್ರೆ ಹೊಟ್ಟೆನೋವು ಬರಬೌದು ಅಂದ್ಕಂಡಿದ್ದೆ.” ಹದಿನಾಲ್ಕು ತಿಂಗಳು ಇದ್ದರು.

ಬೇಗ ಹಿಡಿದಿದ್ದರೆ ಏನಾಗುತ್ತಿತ್ತು ಎಂದು ಲೆಕ್ಕ ಹಾಕುವುದು ನನಗೆ ಚಟ ಆಗಿಬಿಟ್ಟಿದೆ. ತಿರುವನಂತಪುರದ ದೊಡ್ಡ ಅಧ್ಯಯನ 2005ರಲ್ಲಿ ಬಂತು. ತರಬೇತಿ ಪಡೆದ ಕಾರ್ಯಕರ್ತರು ಬೆಳಕಿನಲ್ಲಿ ಬಾಯಿ ನೋಡಿದರು, ಅಷ್ಟೇ. ತಂಬಾಕು, ಮದ್ಯದ ಅಭ್ಯಾಸ ಇದ್ದವರಲ್ಲಿ ಬಾಯಿ ಕ್ಯಾನ್ಸರ್ ಸಾವು ಶೇ 34ರಷ್ಟು ಇಳಿಯಿತು. ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯವರು 2015ರಲ್ಲಿ ಇನ್ನೊಂದನ್ನು ತೋರಿಸಿದರು. ಆರಂಭದ ಹಂತದ ಬಾಯಿ ಕ್ಯಾನ್ಸರ್‌ನಲ್ಲಿ ಗಂಟು ಕಾಣುವ ಮೊದಲೇ ಕುತ್ತಿಗೆಯ ಗ್ರಂಥಿಗಳನ್ನೂ ತೆಗೆದರೆ ಮೂರು ವರ್ಷದ ಬಳಿಕ 100ರಲ್ಲಿ 80 ಜನ ಬದುಕಿದ್ದರು. ಕಾದು ನೋಡಿದವರಲ್ಲಿ 67ರಿಂದ 68.

ಈಗ ಔಷಧಗಳೂ ಬಂದಿವೆ. ಕ್ಯಾನ್ಸರ್ ಕೋಶಗಳು ನಮ್ಮ ದೇಹದ ಕಾವಲುಗಾರ ಕೋಶಗಳಿಗೆ ಮಂಕುಬೂದಿ ಎರಚಿ ತಪ್ಪಿಸಿಕೊಳ್ಳುತ್ತವೆ. ಆ ಮಂಕು ಬಿಡಿಸುವ ಮದ್ದು ಪೆಂಬ್ರೊಲಿಜುಮ್ಯಾಬ್. ಅದನ್ನು ಆಪರೇಷನ್ ಮುಂಚೆಯೂ ಆಮೇಲೂ ಕೊಟ್ಟ ಪ್ರಯೋಗದ ಫಲಿತಾಂಶ 2025ರಲ್ಲಿ ಬಂತು. ತಲೆ-ಕುತ್ತಿಗೆ ಭಾಗದ ಕ್ಯಾನ್ಸರಿನ 714 ರೋಗಿಗಳು. ರೋಗ ಮರುಕಳಿಸದೆ, ಮುಂದುವರಿಯದೆ ಇದ್ದ ಕಾಲ ಸುಮಾರು 30 ತಿಂಗಳಿದ್ದದ್ದು 52 ತಿಂಗಳ ಹತ್ತಿರ ಹೋಯಿತು. ಆದರೆ ಅದರ ಬೆಲೆ ಕೇಳಿದರೆ ಹೊಲ ಮಾರಬೇಕು. ಇದೇ ಬಗೆಯ ನಿವೊಲುಮ್ಯಾಬ್ ಔಷಧವನ್ನು ಟಾಟಾದವರು ಮಾಮೂಲಿ ಡೋಸಿನ ಹತ್ತರಲ್ಲೊಂದು ಪಾಲಿಗಿಂತ ಕಡಿಮೆ ಕೊಟ್ಟು ನೋಡಿದರು. ಜೊತೆಗೆ ಅಗ್ಗದ ಮಾತ್ರೆಗಳು. ಕೈಮೀರಿದ ಹಂತದ ರೋಗಿಗಳಲ್ಲಿ ಒಂದು ವರ್ಷ ಬದುಕಿದವರು 100ಕ್ಕೆ 16 ಇದ್ದದ್ದು 43 ಆಯಿತು. ಇದನ್ನು ಓದಿದ ದಿನ ನಾನು ಕ್ಲಿನಿಕ್ ಬಾಗಿಲು ಹಾಕಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ನಮ್ಮವರೇ, ನಮ್ಮ ಜೇಬಿಗೆ ಎಟುಕುವ ಹಾಗೆ ಮಾಡಿದ್ದಾರೆ. ಆದರೂ ನೋಡಿ, 100ರಲ್ಲಿ 57 ಜನ ವರ್ಷ ತುಂಬುವ ಮೊದಲೇ ಹೋದರು.

ಬೆಳೆಗಾರರ ಕಷ್ಟ ಎನ್ನುತ್ತಾರೆ. ಹೊಸದುರ್ಗ, ಹಿರಿಯೂರಿನ ಕಡೆ ದಾಳಿಂಬೆ ಬೆಳೆಯುತ್ತಿಲ್ಲವೇ? ಮನಸ್ಸು ಮಾಡಬೇಕು ಅಷ್ಟೇ. ನಾನು ತೋಟ ಕಡಿಯಿರಿ ಎನ್ನುತ್ತಿಲ್ಲ. ಐದಕ್ಷರದ ಒಂದು ರೋಗದ ಹೆಸರನ್ನು ಕನ್ನಡದಲ್ಲಿ, ದಪ್ಪಗೆ, ಓದುವ ಹಾಗೆ ಬರೆಯಿರಿ ಎನ್ನುತ್ತಿದ್ದೇನೆ. ‘ಬಾಯಿ ಕ್ಯಾನ್ಸರ್’ ಎಂದು. ಕಂಡಕ್ಟರಿಗೆ ಅರ್ಥವಾಗುವ ಹಾಗೆ.

ವಿರೋಧ: ಹಾಗಾದರೆ ಬಿಸಿಲಿಗೂ ಬೋರ್ಡು ಹಾಕಿ

ನನಗೆ ‘ವಿರೋಧ’ದ ಕಡೆ ಕೊಟ್ಟಿದ್ದಾರೆ. ಬೇರೆ ಕಡೆ ಬರೆದಿದ್ದರೆ ನಾಳೆಯಿಂದ ನಮ್ಮೂರ ಟೀ ಅಂಗಡಿಗೆ ಹೋಗುವ ಹಾಗಿರಲಿಲ್ಲ, ಅದೂ ನಿಜ. ಡಾಕ್ಟರಮ್ಮನವರ ಲೇಖನ ಮೊದಲೇ ಓದಲು ಕೊಟ್ಟಿದ್ದರು. ಅವರ ಮಾವನವರ ವಿಷಯ ಓದಿ ಬೇಜಾರಾಯಿತು. ಅದಕ್ಕೆ ನನ್ನ ಹತ್ತಿರ ಉತ್ತರವಿಲ್ಲ.

ಮೊದಲನೇ ಗುಂಪು, ಮೊದಲನೇ ಗುಂಪು ಎನ್ನುತ್ತಾರೆ. ಆ ಪಟ್ಟಿಯನ್ನು ನಾನೂ ಮಗನ ಮೊಬೈಲಿನಲ್ಲಿ ನೋಡಿದೆ. ಅದರಲ್ಲಿ ಮದ್ಯ ಇದೆ, ಮರದ ಧೂಳಿದೆ, ಬಿಸಿಲೂ ಇದೆ! ಹಾಗಾದರೆ ಚಿತ್ರದುರ್ಗದ ಕೋಟೆ ಬಾಗಿಲಿಗೆ ‘ಬಿಸಿಲು, ಕ್ಯಾನ್ಸರ್ ಬರುತ್ತದೆ’ ಎಂದು ಬೋರ್ಡು ಹಾಕಬೇಕಲ್ವಾ? ಗುಂಪು ಹೇಳುವುದು ಪುರಾವೆ ಎಷ್ಟು ಗಟ್ಟಿ ಎಂದು. ಅಪಾಯ ಎಷ್ಟು ದೊಡ್ಡದು ಎಂದಲ್ಲ. ಇನ್ನೊಂದು ತಮಾಷೆ. ಅದೇ ಸಂಸ್ಥೆ 2020ರಲ್ಲಿ ಅರೆಕೋಲಿನ್ ಅನ್ನು ಪರೀಕ್ಷಿಸಿ ‘2ಬಿ’ ಗುಂಪಿಗೆ ಹಾಕಿತು. ಅಂದರೆ ಕ್ಯಾನ್ಸರ್ ತರುವ ಸಾಧ್ಯತೆ ಇದೆ ಎಂದಷ್ಟೇ. ಏಷ್ಯಾದ ಕಡೆಯ ಸಾಂಪ್ರದಾಯಿಕ ತರಕಾರಿ ಉಪ್ಪಿನಕಾಯಿಯೂ ಅದೇ ಗುಂಪು. ಅಡಿಕೆ ಮೊದಲನೇ ಗುಂಪು, ಅದರ ಸಾರ 2ಬಿ. ಇದು ಹೇಗೆ ಎಂದು ಡಾಕ್ಟರಮ್ಮ ಹೇಳಲಿಲ್ಲ.

ತೈವಾನಿನವರು ಎಳೆ ಹಸಿ ಅಡಿಕೆಗೆ ಸುಣ್ಣ ಹಚ್ಚಿ ಅಗಿಯುತ್ತಾರಂತೆ. ನಾವು ಸುಲಿದು, ಬೇಯಿಸಿ, ಚೊಗರು ಹಾಕಿ, ಒಣಗಿಸಿದ ರಾಶಿ ಅಡಿಕೆ ಎಲ್ಲಿ, ಅದೆಲ್ಲಿ? ನಮ್ಮ ಅಜ್ಜಿ ಎಂಬತ್ತೆಂಟು ವರ್ಷದವರೆಗೂ ಕುಟ್ಟಾಣಿಯಲ್ಲಿ ಎಲೆ-ಅಡಿಕೆ ಕುಟ್ಟಿ ಹಾಕಿಕೊಂಡವರು. (ಅಜ್ಜಿ ಬರುತ್ತಾರೆ ಎಂದು ಅವರು ಮೊದಲೇ ಹೇಳಿದ್ದಾರೆ. ಬಂದರು, ಏನು ಮಾಡಲಿ.) ಅಜ್ಜಿ ದಿನಕ್ಕೆ ಎರಡು ಸಲ, ಊಟ ಆದ ಮೇಲೆ. ಈಗಿನವರು ಬೆಳಿಗ್ಗೆ ಎದ್ದಾಗಿನಿಂದ ದವಡೆಯಲ್ಲಿ ಇಟ್ಟುಕೊಂಡೇ ಇರುತ್ತಾರೆ.

ತಂಬಾಕಿನ ಪೊಟ್ಟಣದ ಮೇಲೆ 2016ರಿಂದ ಶೇ 85ರಷ್ಟು ಜಾಗದಲ್ಲಿ ಚಿತ್ರ ಸಮೇತ ಎಚ್ಚರಿಕೆ ಇದೆ. ಮಾರಾಟ ನಿಂತಿತೇ? 2013ರಲ್ಲಿ ನಮ್ಮ ರಾಜ್ಯದಲ್ಲಿ ಗುಟ್ಕಾ ನಿಷೇಧ ಮಾಡಿದರು. ಮಾರನೇ ದಿನದಿಂದ ಪಾನ್ ಮಸಾಲಾ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ. ಗಿರಾಕಿ ಎರಡನ್ನೂ ಹರಿದು ಕೈಯಲ್ಲೇ ಬೆರೆಸುತ್ತಾನೆ. ಅಲ್ಲಿ ಏನೂ ಮಾಡಲಾಗದವರು ಅಡಿಕೆಯನ್ನು ಹಿಡಿದುಕೊಂಡಿದ್ದಾರೆ.

ದಾಳಿಂಬೆ ಬೆಳೆಯಿರಿ ಎನ್ನುವುದು ಸುಲಭ. ಭದ್ರಾ ನಾಲೆಯ ಬಯಲಿನಲ್ಲಿ ಭತ್ತ ಬೆಳೆಯುತ್ತಿದ್ದ ನಾವು ಅಡಿಕೆಗೆ ಬಂದದ್ದು ಶೋಕಿಗಲ್ಲ. ಭತ್ತದಲ್ಲಿ ಗೊಬ್ಬರದ ಸಾಲ ತೀರುತ್ತಿರಲಿಲ್ಲ. ಅಡಿಕೆಯಲ್ಲಿ ಕ್ವಿಂಟಲಿಗೆ ಐವತ್ತು ಸಾವಿರ ನೋಡಿದ್ದೇವೆ. 2024ರ ಬೇಸಿಗೆಯಲ್ಲಿ ಬೋರು ಒಣಗಿದಾಗ ಟ್ಯಾಂಕರ್ ನೀರು ಕೊಂಡು ಗಿಡ ಉಳಿಸಿದವರು ನಾವು. ಬೇರೆ ಬೆಳೆಗೆ ಯಾರು ಟ್ಯಾಂಕರ್ ತರಿಸುತ್ತಾರೆ? ಹೊರದೇಶದ ಅಡಿಕೆ ಬೇರೆ ಬರುತ್ತದೆ. ಕೇಂದ್ರದವರು 2023ರಲ್ಲಿ ಆಮದು ಬೆಲೆಯ ಕೆಳಮಿತಿಯನ್ನು ಕೆಜಿಗೆ 351 ರೂಪಾಯಿಗೆ ಏರಿಸಿದರು. ಆದರೂ ಕಳ್ಳದಾರಿಯಲ್ಲಿ ಬರುತ್ತದೆ ಎಂಬ ದೂರು ನಿಂತಿಲ್ಲ. ಪೊಟ್ಟಣದ ಮೇಲೆ ಆ ಪದ ಬಂದ ದಿನ ಭೀಮಸಮುದ್ರದಲ್ಲಿ, ಚನ್ನಗಿರಿಯಲ್ಲಿ ದರ ಎಷ್ಟು ಬೀಳುತ್ತದೆ ಎಂದು ಯಾರೂ ಲೆಕ್ಕ ಹಾಕಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ಇಲ್ಲಿ ಅಡಿಕೆಯದೇ ಮಾನ ಹೋಗುತ್ತಿದೆ.

ಒಂದು ಮಾತು ಒಪ್ಪಿಕೊಳ್ಳುತ್ತೇನೆ. ನಮ್ಮ ಮನೆಯಲ್ಲಿ ಅಜ್ಜಿ ಹೋದ ಮೇಲೆ ಯಾರೂ ಅಡಿಕೆ ಹಾಕುವುದಿಲ್ಲ. ಮಗ ಒಮ್ಮೆ ಜೇಬಿನಲ್ಲಿ ಪೊಟ್ಟಣ ಇಟ್ಟುಕೊಂಡಿದ್ದಕ್ಕೆ ನಾನೇ ಬೈದಿದ್ದೆ. ಲೇಖನ ಓದಿದ ದಿನ ಸುಲಿಯುವ ಮಷಿನ್ ನಡೆಸುವ ಹುಡುಗನಿಗೆ ಮೂರು ಬೆರಳಿನ ಪರೀಕ್ಷೆ ಮಾಡು ಎಂದೆ. ಎರಡು ಹೋಯಿತು. “ಅಣ್ಣ, ನಂದು ಚಿಕ್ಕ ಬಾಯಿ” ಎಂದು ನಕ್ಕ. ಈ ಭಾನುವಾರ ಅವನನ್ನು ದಾವಣಗೆರೆಗೆ ಕರೆದುಕೊಂಡು ಹೋಗಬೇಕು. ಅದು ಬೇರೆ ವಿಷಯ.

ಬರೆಯಲೇಬೇಕು ಎಂದಾದರೆ ಪೊಟ್ಟಣ ಕಟ್ಟುವವನು ಬರೆಯಲಿ. ಕೋಟಿಗಟ್ಟಲೆ ಜಾಹೀರಾತು ಕೊಡುವವನು, ಏಲಕ್ಕಿ ಕೇಸರಿ ಎಂದು ಹೇಳಿ ಮಾರುವವನು ಅವನು. ನಮ್ಮ ಅಡಿಕೆ ಚೀಲದ ಮೇಲೆ ಬರೆಯುವುದು ಬೇಡ. ಬರೆದರೆ ಆ ಮಸಿಯ ದುಡ್ಡನ್ನೂ ಹಮಾಲಿ, ತೂಕದ ಜೊತೆ ಸೇರಿಸಿ ನಮ್ಮ ಮಾರಾಟದ ಪಟ್ಟಿಯಲ್ಲೇ ಮುರಿದುಕೊಳ್ಳುತ್ತಾರೆ.