ಆಯುಧಪೂಜೆಯ ಕಂಪ್ಯೂಟರಿಗೆ ಹೊಸ ಕಾರ್ಡು

ನಮ್ಮನೆಯಲ್ಲಿ 2013ರಲ್ಲಿ ಕೊಂಡ ಒಂದು ಡೆಸ್ಕ್‌ಟಾಪ್ ಇದೆ. ಐ5 3470 ಪ್ರೊಸೆಸರ್, 4 ಜಿಬಿ ರ‍್ಯಾಮ್. ಹನ್ನೊಂದು ಆಯುಧಪೂಜೆ ಕಂಡ ಜೀವ. ಪ್ರತಿ ವರ್ಷ ಅಮ್ಮ ಅದಕ್ಕೆ ವಿಭೂತಿ ಬಳಿದು, ಕುಂಕುಮ ಇಟ್ಟು, ಸೇವಂತಿಗೆ ಮುಡಿಸಿ, ಊದಿನಕಡ್ಡಿ ಬೆಳಗುತ್ತಾರೆ. ಅದಕ್ಕೆ ಆಗುವ ಸರ್ವೀಸು ಅದೊಂದೇ.

ನಲವತ್ತರ ಹತ್ತಿರ ಬಂದಮೇಲೆ ನನಗೆ ಕಾರು ಕದ್ದು ಪೊಲೀಸರಿಂದ ತಪ್ಪಿಸಿಕೊಂಡು ಓಡುವ ಜಿಟಿಎ 5 ಆಡುವ ಆಸೆ ಹುಟ್ಟಿತು. ಆ ಆಟ ಪಿಸಿಗೆ ಬಂದದ್ದು 2015ರಲ್ಲಿ, ಆಗ ನಾನು ಮದುವೆ ಗಡಿಬಿಡಿಯಲ್ಲಿದ್ದೆ. ಆಡೋಕೆ ಎಂಥ ಕಂಪ್ಯೂಟರ್ ಬೇಕು ಅಂತ ಹುಡುಕಿದರೆ, ಚೆನ್ನಾಗಿ ಓಡಬೇಕಾದರೆ ಇರಬೇಕಾದ ಪ್ರೊಸೆಸರ್ ಅಂತ ಐ5 3470 ಹೆಸರನ್ನೇ ಹಾಕಿದ್ದಾರೆ! ಮಗ ಪಾಸಾದಷ್ಟು ಖುಷಿಯಾಯಿತು. ಅದರ ಪಕ್ಕದಲ್ಲೇ 8 ಜಿಬಿ ರ‍್ಯಾಮ್, 2 ಜಿಬಿ ಗ್ರಾಫಿಕ್ಸ್ ಕಾರ್ಡ್ (ಆಟದ ಚಿತ್ರ ಮೂಡಿಸೋಕೆ ಅಂತಲೇ ಬೇರೆಯಾಗಿ ಹಾಕುವ ಹಲಗೆ) ಅಂತಲೂ ಇತ್ತು. ಅದನ್ನು ಖುಷಿ ಇಳಿದಮೇಲೆ ಓದಿದೆ.

ಶನಿವಾರ ಚಿಕ್ಕಪೇಟೆ ಮೆಟ್ರೋದಲ್ಲಿ ಇಳಿದು ಕಂಪ್ಯೂಟರ್ ಅಂಗಡಿಗಳ ಎಸ್.ಪಿ. ರೋಡಿಗೆ ಹೋದೆ. ಅಂಗಡಿ ಹುಡುಗ ಮೊದಲು ಕೇಳಿದ್ದು ಕಂಪ್ಯೂಟರಿಗೆ ಕರೆಂಟ್ ಕೊಡುವ ಡಬ್ಬದ ವಿಷಯ, "ಎಸ್‌ಎಂಪಿಎಸ್ ಎಷ್ಟು ವ್ಯಾಟ್ ಸಾರ್?"

"450."

"ಅದು ಸ್ಟಿಕ್ಕರ್ ಮೇಲೆ ತಾನೇ?"

ನನ್ನ ಮುಖ ನೋಡಿ ಅವನೇ ಸೆಕೆಂಡ್ ಹ್ಯಾಂಡ್ ಜಿಟಿಎಕ್ಸ್ 1050 ಟಿಐ ಕಾರ್ಡು ತೆಗೆದುಕೊಟ್ಟ. 75 ವ್ಯಾಟ್ ಸಾಕು, ಸ್ಲಾಟಿನಿಂದಲೇ ಕರೆಂಟ್ ಎಳೆಯುತ್ತೆ, ಬೇರೆ ವೈರ್ ಬೇಡ ಅಂದ. ರ‍್ಯಾಮ್ ನಾನೇ ಆರಿಸಲು ಹೋಗಿ ಡಿಡಿಆರ್4 ಎತ್ತಿಕೊಂಡಿದ್ದೆ. "ನಿಮ್ಮದು ಡಿಡಿಆರ್3 ಸಾರ್, ಇದು ಕೂರೋದೇ ಇಲ್ಲ" ಅಂತ ಕೈಯಿಂದ ಕಿತ್ತುಕೊಂಡ. ಪುಣ್ಯಾತ್ಮ.

ಮನೆಗೆ ಬಂದು ಕ್ಯಾಬಿನೆಟ್ ಬಿಚ್ಚಿದರೆ ಒಳಗೆ ಹನ್ನೊಂದು ವರ್ಷದ ಧೂಳು, ಫ್ಯಾನಿನಲ್ಲಿ ಊದಿನಕಡ್ಡಿ ಬೂದಿ, ಒಣಗಿದ ಸೇವಂತಿಗೆ ಎಸಳು, ಎರಡು ಹಲ್ಲಿ ಮೊಟ್ಟೆ. "ಪೂಜೆ ಹೂವು ಕಸಕ್ಕೆ ಹಾಕಬೇಡ ಕಣೋ, ಗಿಡದ ಬುಡಕ್ಕೆ ಹಾಕು" ಅಂದರು ಅಮ್ಮ. ಮೊಟ್ಟೆ ವಿಷಯ ನಾನು ಹೇಳಲಿಲ್ಲ.

ಕಾರ್ಡು, ರ‍್ಯಾಮ್ ಕೂರಿಸಿ ಆನ್ ಮಾಡಿದೆ. ಕೀಂ ಕೀಂ ಅಂತು. ರ‍್ಯಾಮ್ ಅರ್ಧ ಕೂತಿತ್ತು. ಟಕ್ ಅನ್ನೋವರೆಗೂ ಒತ್ತಿದಮೇಲೆ ಸುಮ್ಮನಾಯಿತು. ಆದರೆ ನನ್ನ ಮಾನಿಟರಿಗೆ ಇರುವುದು ಆ ನೀಲಿ ತಲೆಯ ವಿಜಿಎ ಕೇಬಲ್ ಮಾತ್ರ, ಕಾರ್ಡಿನ ಹಿಂದೆ ಅದು ಹೋಗುವ ತೂತೇ ಇಲ್ಲ. ಮದರ್‌ಬೋರ್ಡಿನಲ್ಲಿ ಇದೆಯಲ್ಲ ಅಂತ ಅಲ್ಲಿಗೇ ಸಿಕ್ಕಿಸಿದೆ. 'ನೋ ಸಿಗ್ನಲ್'. ಕಾರ್ಡು ಹಾಕಿದರೆ ಪ್ರೊಸೆಸರ್ ಒಳಗೇ ಇರುವ ಹಳೆಯ ಗ್ರಾಫಿಕ್ಸ್ ತಾನಾಗಿಯೇ ಆಫ್ ಆಗುತ್ತೆ, ಕಂಪ್ಯೂಟರಿನ ಮೂಲ ಸೆಟ್ಟಿಂಗ್ ಇರುವ ಬಯಾಸ್‌ನಲ್ಲಿ ಆನ್ ಮಾಡಬೇಕು ಅಂತ ಯಾವುದೋ ವಿಡಿಯೋದಲ್ಲಿ ನೋಡಿ, ಕಾರ್ಡು ಬಿಚ್ಚಿ, ಬಯಾಸ್‌ಗೆ ಹೋಗಿ, ಅದನ್ನು ಆನ್ ಮಾಡಿ, ಮತ್ತೆ ಕಾರ್ಡು ಹಾಕಿ... ಹೀಗೆ ನಾಲ್ಕು ಗಂಟೆ ಒದ್ದಾಡಿದಮೇಲೆ ಚಿತ್ರ ಬಂತು! ಅಂಕಲ್ ವಯಸ್ಸಿನಲ್ಲಿ ಒಬ್ಬನೇ ಕುಣಿದೆ.

ಹತ್ತು ದಿನ ಆಡಿದೆ. ಪೊಲೀಸರು ಅಟ್ಟಿಸಿಕೊಂಡು ಬಂದರೆ ನನ್ನ ಕಾರು ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಸಿಕ್ಕಿಬಿದ್ದ ಹಾಗೆ ತೆವಳುತ್ತಿತ್ತು, ಪೊಲೀಸರೂ ಹಾಗೇ ತೆವಳುತ್ತಿದ್ದರು, ಹಾಗಾಗಿ ನ್ಯಾಯವಾಗೇ ಇತ್ತು. ಆಫೀಸಿನಲ್ಲಿ ಸಿಕ್ಕವರಿಗೆಲ್ಲ "ಕಾರ್ಡು ಹಾಕಿದಮೇಲೆ ನೆರಳು ಕೂಡ ಎಷ್ಟು ಚೆಂದ ಬೀಳುತ್ತೆ ಗೊತ್ತಾ" ಅಂತ ಕೊರೆದೆ. ನೆರಳು ಬೀಳುತ್ತಿತ್ತೋ ಇಲ್ಲವೋ, ಈಗ ಕೇಳಬೇಡಿ.

ಭಾನುವಾರ ಅಕ್ಕನ ಮಗ ಬಂದ. ಪಿಯುಸಿ ಹುಡುಗ. ಎರಡು ನಿಮಿಷ ನೋಡಿ, ಟಾಸ್ಕ್ ಮ್ಯಾನೇಜರ್ ತೆಗೆದ. ಯಾವ ಭಾಗ ಎಷ್ಟು ಕೆಲಸ ಮಾಡ್ತಿದೆ ಅಂತ ತೋರಿಸುವ ಪಟ್ಟಿ ಅದು. ಕಾರ್ಡಿನ ಎದುರು ಸೊನ್ನೆ ಪರ್ಸೆಂಟ್. ಬಗ್ಗಿ ಹಿಂದೆ ನೋಡಿದ.

"ಮಾವ, ಕೇಬಲ್ ಮದರ್‌ಬೋರ್ಡಿಗೆ ಹಾಕಿದೀರ. ನೀವು ಆಡ್ತಿರೋದು ಹಳೇ ಗ್ರಾಫಿಕ್ಸ್‌ನಲ್ಲೇ. ಈ ಕಾರ್ಡು ಸುಮ್ನೆ ಫ್ಯಾನ್ ತಿರುಗಿಸ್ತಾ ಕೂತಿದೆ."

ತಾನಾಗೇ ಸರಿಯಾಗಿ ಆಫ್ ಆಗಿದ್ದನ್ನು ನಾಲ್ಕು ಗಂಟೆ ಕಷ್ಟಪಟ್ಟು ಆನ್ ಮಾಡಿದವನು ನಾನೇ ಅಂತ ಅವನಿಗೆ ಹೇಳಬೇಕಿತ್ತು. ಹೇಳಲಿಲ್ಲ. ಕಾರ್ಡಿನ ಎಚ್‌ಡಿಎಂಐ ತೂತಿನಿಂದ ನನ್ನ ವಿಜಿಎ ಕೇಬಲ್ಲಿಗೆ ಬದಲಾಯಿಸುವ ಒಂದು ಪುಟ್ಟ ಕನ್ವರ್ಟರ್ ತರಿಸಿದ. ಸಿಕ್ಕಿಸಿದ್ದೇ ತಡ, ಕಾರು ಹಾರಿತು. ಪೊಲೀಸರ ಕಾರೂ ಹಾರಿತು, ಅರ್ಧ ನಿಮಿಷದಲ್ಲಿ ಸತ್ತೆ. ಈಗ ದಿನಾ ಹಾಗೇ ಸಾಯುತ್ತಿದ್ದೇನೆ.

ಇದನ್ನೆಲ್ಲ ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಅಮ್ಮ ಸಂಜೆ ಕುಂಕುಮದ ಬಟ್ಟಲು ಹಿಡಿದು ಬಂದರು. "ಅಷ್ಟು ದುಡ್ಡು ಕೊಟ್ಟು ತಂದಿದೀಯ, ಹತ್ತು ದಿನ ಕೆಲಸ ಮಾಡಿಲ್ಲ ಅಂದ್ರೆ ಪೂಜೆ ಆಗಿಲ್ಲ ಅಂತಲೇ ಅರ್ಥ. ಆ ಡಬ್ಬದ ಬಾಗಿಲು ತೆಗಿ, ಅದಕ್ಕೂ ಒಂದು ಬೊಟ್ಟು ಇಡ್ತೀನಿ."