ಹನ್ನೆರಡೂವರೆಗೆ ಕೂಗುವ ಕೋಳಿ

‘ಚಳಿಗಾಲದಲ್ಲಿ ಹೋಗಿ, ಜನ ಇರಲ್ಲ, ಊರು ಆರಾಮಾಗಿ ನೋಡಬಹುದು’ ಅಂತ ಸಲಹೆ ಕೊಡುವವರು ತಾವು ಮಾತ್ರ ಮೇ ತಿಂಗಳಲ್ಲೇ ಹೋಗಿ ಬಂದಿರುತ್ತಾರೆ. ಫೋಟೊ ನೋಡಿದರೆ ಗೊತ್ತಾಗುತ್ತೆ, ಎಲ್ಲರೂ ಅರ್ಧ ತೋಳಿನ ಅಂಗಿಯಲ್ಲಿರುತ್ತಾರೆ. ನನ್ನ ಗೆಳತಿಗೆ ಯಾರೋ ಈ ಸಲಹೆ ಕೊಟ್ಟರು. ಅವಳು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿದ್ದಾಳೆ, ನಾನು ಕಾರ್ಲ್ಸ್‌ರೂಹೆಯಲ್ಲಿ. ಸ್ಟ್ರಾಸ್‌ಬರ್ಗ್ ಗಡಿಯಾಚೆ ಫ್ರಾನ್ಸಿನಲ್ಲಿದ್ದರೂ ಇಬ್ಬರಿಗೂ ಹತ್ತಿರವೇ. ಅಲ್ಲಿನ ಕ್ರಿಸ್‌ಮಸ್ ಸಂತೆ 1570ರಿಂದ ನಡೆಯುತ್ತಿದೆ, ಡಿಸೆಂಬರ್‌ನಲ್ಲಿ ಕಾಲಿಡೋಕೆ ಜಾಗ ಇರಲ್ಲ. ಹಾಗಾಗಿ ಅವಳು ಜನವರಿ ಆರಿಸಿದಳು. ಸಂತೆ ಎತ್ತಿಯಾಗಿತ್ತು, ದೀಪಗಳೂ ಇರಲಿಲ್ಲ. ಚಳಿ ಮಾತ್ರ ಹಾಗೇ ಇತ್ತು.

ದುಡ್ಡು ಉಳಿಸೋಣ ಅಂತ ಗಡಿಯ ಈಚೆ ಕೇಲ್ ಊರಿನ ತನಕ ರೈಲಿನಲ್ಲಿ ಹೋಗಿ ಅಲ್ಲಿಂದ ಟ್ರಾಮ್ ಹತ್ತಿದೆವು. 2017ರಿಂದ ಈ ಟ್ರಾಮ್ ರೈನ್ ನದಿ ದಾಟಿ ಎರಡು ದೇಶಕ್ಕೂ ಓಡಾಡುತ್ತಿದೆ. ಶನಿವಾರ ಬೇರೆ. ಆ ಕಡೆಯವರೆಲ್ಲ ಜರ್ಮನಿಯಲ್ಲಿ ಅಗ್ಗ ಅಂತ ಸೋಪಿನ ಪುಡಿ, ಶಾಂಪೂ, ಸಿಗರೇಟು ಕೊಂಡು ಚೀಲ ತುಂಬಿಕೊಂಡು ವಾಪಸ್ ಹೋಗುತ್ತಿದ್ದರು. ಎರಡು ದೇಶದ ಸ್ನೇಹ ಅಂತ ಭಾಷಣದಲ್ಲಿ ಹೇಳುತ್ತಾರಲ್ಲ, ಅದು ನನ್ನ ಮೊಣಕಾಲಿಗೆ ಒತ್ತಿಕೊಂಡೇ ಬಂತು.

ಕಥೀಡ್ರಲ್ ಬಗ್ಗೆ ನಾನೇನು ಹೇಳೋದು. ಕೆಂಪು ಕಲ್ಲು, 142 ಮೀಟರ್ ಎತ್ತರ, ಇನ್ನೂರಕ್ಕೂ ಹೆಚ್ಚು ವರ್ಷ ಜಗತ್ತಿನಲ್ಲೇ ಅತಿ ಎತ್ತರದ ಕಟ್ಟಡ. ಎರಡು ಗೋಪುರ ಇರಬೇಕಾದಲ್ಲಿ ಒಂದೇ ಇದೆ. ಕತ್ತೆತ್ತಿ ನೋಡಿದರೆ ಟೋಪಿ ಬೀಳುತ್ತೆ, ಟೋಪಿ ಹಿಡಿಯೋಕೆ ಜೇಬಿನಿಂದ ಕೈ ತೆಗೆಯಬೇಕು. ನಾನು ತೆಗೆಯಲಿಲ್ಲ.

ಗೆಳತಿಗೆ ಬೇಕಾಗಿದ್ದದ್ದು ಒಳಗಿನ ಗಡಿಯಾರ. ಶ್ವಿಲ್ಗೆ ಅನ್ನುವವನು 1842ರಲ್ಲಿ ಮಾಡಿ ಮುಗಿಸಿದ್ದು. ಅವನು ಹುಡುಗನಾಗಿದ್ದಾಗ ಹಳೇ ಗಡಿಯಾರ ಕೆಟ್ಟು ನಿಂತಿತ್ತಂತೆ, ‘ನಾನು ಓಡಿಸ್ತೀನಿ’ ಅಂತ ಆಗಲೇ ಹಟ ಹಿಡಿದಿದ್ದನಂತೆ. ಗ್ರಹಗಳು ಎಲ್ಲಿವೆ ಅಂತ ತೋರಿಸುತ್ತೆ, ಈಸ್ಟರ್ ಯಾವತ್ತು ಅಂತ ತಾನೇ ಲೆಕ್ಕ ಹಾಕುತ್ತೆ, ಹಲ್ಲುಚಕ್ರ ಕೂಡಿಸಿ ಮಾಡಿದ ಒಂಟಿಕೊಪ್ಪಲ್ ಪಂಚಾಂಗ ಅನ್ನಿ. ಒಂದು ತಮಾಷೆ ಏನಂದರೆ ಅದು ಆ ಊರಿನ ಸೂರ್ಯನ ಹೊತ್ತಿಗೆ ಓಡುತ್ತೆ, ಸರ್ಕಾರಿ ಸಮಯಕ್ಕಿಂತ ಅರ್ಧ ಗಂಟೆ ಹಿಂದೆ. ಎಲ್ಲರ ಕೈಗಡಿಯಾರದಲ್ಲಿ ಹನ್ನೆರಡೂವರೆ ಆದಾಗ ಅದಕ್ಕೆ ಸರಿಯಾಗಿ ಹನ್ನೆರಡು. ಆಗ ಮೇಲೆ ಏಸುವಿನ ಮುಂದೆ ಹನ್ನೆರಡು ಶಿಷ್ಯರು ಸಾಲಾಗಿ ಹಾದು ಹೋಗುತ್ತಾರೆ, ಪಕ್ಕದ ಕೋಳಿ ಕತ್ತು ಚಾಚಿ, ರೆಕ್ಕೆ ಬಡಿದು ಮೂರು ಸಲ ಕೂಗುತ್ತೆ. ಚೆನ್ನಾಗಿತ್ತು, ಸುಳ್ಳು ಹೇಳಬಾರದು.

ಆದರೆ ಆ ಕೋಳಿ ಕೂಗಿತು, ನಮ್ಮ ಊಟ ಹೋಯಿತು.

ಯಾಕೆಂದರೆ ಗೆಳತಿಗೆ ಒಂದು ಅಭ್ಯಾಸ. ಹೋಟೆಲ್ ಬಾಗಿಲಲ್ಲಿ ನೇತುಹಾಕಿರುವ ಮೆನು ಪೂರ್ತಿ ಓದದೆ ಒಳಗೆ ಹೋಗಲ್ಲ. ಓದಿದ ಮೇಲೂ ಹೋಗಲ್ಲ, ‘ಮುಂದಿನದು ನೋಡೋಣ ಕಣೇ’ ಅನ್ನುತ್ತಾಳೆ. ಪೆಟಿಟ್ ಫ್ರಾನ್ಸ್ ಕೇರಿಯಲ್ಲಿ, ಹಿಂದೆ ಚರ್ಮ ಹದ ಮಾಡುತ್ತಿದ್ದವರ ಮರದ ಚೌಕಟ್ಟಿನ ಮನೆಗಳ ನಡುವೆ, ಕಾಲುವೆ ಮೇಲಿಂದ ಬರುವ ಗಾಳಿಗೆ ನಿಂತು ನಾನು ಓದಿದ್ದೆಲ್ಲ ಹಂದಿಮಾಂಸದ ಪಟ್ಟಿ. ಹುಳಿ ಬರಿಸಿದ ಎಲೆಕೋಸು ಅಂತ ಆಸೆಯಿಂದ ನೋಡಿದರೆ ಅದರ ಮೇಲೂ ಸಾಸೇಜ್ ಪೇರಿಸಿರುತ್ತಾರೆ. ಕೊನೆಗೆ ಒಂದು ಕಡೆ ಅವಳಿಗೆ ಒಪ್ಪಿಗೆಯಾಯಿತು. ಬಾಗಿಲು ತಳ್ಳಿದೆವು. ಎರಡು ಗಂಟೆ ಹತ್ತು ನಿಮಿಷ. ಅಡುಗೆಮನೆ ಮುಚ್ಚಿದೆ, ಏಳು ಗಂಟೆಗೆ ಬನ್ನಿ ಅಂದ ಮಾಣಿ, ನಗುನಗುತ್ತಾ. ಒಳಗೆ ಅರ್ಧ ಹೋಟೆಲ್ ಇನ್ನೂ ಉಣ್ಣುತ್ತಿತ್ತು. ಮೇಜಿನ ಕೆಳಗೆ ಒಂದು ನಾಯಿ ಬೆಚ್ಚಗೆ ಮಲಗಿತ್ತು. ಅದರ ಊಟ ಕೂಡ ಆಗಿತ್ತು ಅನ್ನಿಸುತ್ತೆ.

ನನಗೆ ನಿಜಕ್ಕೂ ಸಿಟ್ಟು ಬಂತು. ನಮ್ಮ ಕಡೆ ‘ಊಟ ಖಾಲಿ’ ಅಂದವನೇ ‘ಸೆಟ್ ದೋಸೆ ಕೊಡ್ಲಾ?’ ಅಂತಾನೆ. ರೈನ್ ಆಚೆ ಜರ್ಮನಿಯಲ್ಲಿ ಎಷ್ಟೋ ಹೋಟೆಲ್‌ಗಳು ದಿನವಿಡೀ ಬಿಸಿ ಅಡುಗೆ ಉಂಟು ಅಂತ ಬೋರ್ಡೇ ಹಾಕಿರುತ್ತವೆ. ಇದೇ ಊರು 1871ರಲ್ಲಿ ಜರ್ಮನಿಗೆ ಹೋಯಿತು, 1918ರಲ್ಲಿ ಫ್ರಾನ್ಸಿಗೆ ಬಂತು, 1940ರಲ್ಲಿ ಮತ್ತೆ ಜರ್ಮನಿಯ ಕೈಗೆ, 1944ರಲ್ಲಿ ಮತ್ತೆ ಫ್ರಾನ್ಸಿಗೆ. ಬೀದಿಗಳ ಹೆಸರು ಬದಲಾಯಿತು, ಶಾಲೆಯ ಭಾಷೆ ಬದಲಾಯಿತು, ಸೈನ್ಯದ ಬಟ್ಟೆ ಬದಲಾಯಿತು. ಅಷ್ಟು ಸಲ ಬಂದು ಹೋದ ಜರ್ಮನ್ನರು ಸಂಜೆ ನಾಲ್ಕಕ್ಕೆ ಒಲೆ ಹಚ್ಚೋದೊಂದನ್ನು ಕಲಿಸಿ ಹೋಗಬಾರದಿತ್ತಾ?

ಬೇಕರಿಯಲ್ಲಿ ಬ್ರೆಟ್ಜೆಲ್ ಅನ್ನೋ ಉಪ್ಪು ಬ್ರೆಡ್ಡು ಕೊಂಡು ಬೆಂಚಿನ ಮೇಲೆ ಕೂತೆವು. ಕೈಗವಸು ತೆಗೆದರೆ ಬೆರಳು ಮರಗಟ್ಟುತ್ತೆ, ಹಾಕಿಕೊಂಡೇ ಹಿಡಿದರೆ ಉಣ್ಣೆಗೆಲ್ಲ ಕಲ್ಲುಪ್ಪು ಅಂಟುತ್ತೆ. ಗೆಳತಿ ಮಾತ್ರ ಉಪ್ಪಿನ ಹರಳು ಒಂದೊಂದಾಗಿ ಕೆರೆದು ಹಾಕುತ್ತಾ ‘ಬಿಪಿ ಕಣೇ’ ಅಂತಿದ್ದಳು.

ಏಳಕ್ಕೆ ಒಲೆಗಳು ಹತ್ತಿದವು. ತಾರ್ತ್ ಫ್ಲಾಂಬೆ ಹೇಳಿದೆವು: ತೆಳ್ಳಗೆ ಲಟ್ಟಿಸಿದ ಹಿಟ್ಟು, ಮೇಲೆ ಕೆನೆ, ಈರುಳ್ಳಿ. ಮಾಂಸದ ಚೂರು ಹಾಕಬೇಡಿ ಅಂತ ಫ್ರೆಂಚ್‌ನಲ್ಲೂ ಜರ್ಮನ್‌ನಲ್ಲೂ ಹೇಳಿದ್ದಾಯಿತು. ಕಾಯುವಾಗ ಗೆಳತಿ ಕುರ್ಚಿಗೆ ಒರಗಿ, ‘ಈ ಊರಿನ ಬಗ್ಗೆ ನಂಗೊಂದು ವಿಷಯ ಹೊಳೀತು ನೋಡು’ ಅಂತ ಶುರು ಮಾಡಿದಳು. ಅಷ್ಟರಲ್ಲಿ ತಟ್ಟೆ ಬಂತು, ಮೇಲೆ ಮಾಂಸದ ಚೂರು. ವಾಪಸ್ ಕಳಿಸಿದ್ದು, ಕಾದದ್ದು, ಎರಡನೆಯದು ಬಂದಿದ್ದು, ಅಂಚು ಸೀದಿದ್ದು, ಅದನ್ನೇ ಮುರಿದು ತಿಂದಿದ್ದು, ಎಲ್ಲ ಆಯಿತು. ಏನೋ ಹೊಳೀತು ಅಂದೆಯಲ್ಲ ಅಂತ ಕೇಳಿದೆ. ಅವಳು ತಲೆ ಎತ್ತಲಿಲ್ಲ. ಫ್ರಾನ್ಸಿನಲ್ಲಿ ಜಗ್ಗಿನ ನೀರು ಪುಕ್ಕಟೆ, ಇವನು ಬಾಟಲಿ ತಂದಿಟ್ಟು ಬಿಲ್ಲಿಗೆ ಹಾಕಿದ್ದಾನೆ, ಕರಿ ಅವನನ್ನ ಅಂದಳು.